ಮಂಗಳವಾರ ಬಾರದ ಹೆಂಗಸರು

ನಮ್ಮ ಕಾಮೋಠೆಯ ಮನೆಯ ಬಾಗಿಲ ಹಿಂದೆ ಒಂದು ಹಲಗೆ ನೇತಾಡುತ್ತಿದೆ. ಗೇಣಗಲ, ಮೊಳದುದ್ದ. ಸಾಗುವಾನಿಯೇನಲ್ಲ, ಯಾವುದೋ ಪೆಟ್ಟಿಗೆ ಒಡೆದು ತೆಗೆದದ್ದು. ಅದರ ಮೇಲೆ ಸಾಲಾಗಿ ಐದು ಮೊಳೆ. ಮೊದಲನೆಯದರಲ್ಲಿ ಮನೆಯ ಬೀಗದ ಕೈ, ಎರಡನೆಯದರಲ್ಲಿ ಸ್ಕೂಟರಿನದು, ಮೂರನೆಯದರಲ್ಲಿ ನನ್ನ ಆಫೀಸಿನ ಕಾರ್ಡು. ನಾಲ್ಕನೆಯದರಲ್ಲಿ, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ, ಆದರೆ ಎಸೆಯಲು ಯಾರಿಗೂ ಧೈರ್ಯ ಬಾರದ ಒಂದು ಕೀಲಿ. ನಿಮ್ಮ ಮನೆಯಲ್ಲೂ ಅಂಥದೊಂದು ಇರಬೇಕು. ಐದನೆಯ ಮೊಳೆಯಲ್ಲಿ ಬಟ್ಟೆಗೆ ಸಿಕ್ಕಿಸುವ ಮರದ ಕ್ಲಿಪ್ಪು ಒಂದು, ಎಣ್ಣೆ ಹೀರಿ ಹೀರಿ ಕಪ್ಪಾಗಿ, ಕೆಲಸವಿಲ್ಲದೆ ಕೂತಿದೆ.

ಎರಡು ಸಲ ಮನೆಗೆ ಬಣ್ಣ ಹೊಡೆಸಿದಾಗಲೂ ನನ್ನ ಗಂಡ ಆ ಹಲಗೆಯನ್ನು ಗುಜರಿ ಕೊಳ್ಳುವ ಭಂಗಾರ್‌ವಾಲಾನಿಗೆ ಕೊಡಲು ಹೊರಟಿದ್ದರು. ಎರಡೂ ಸಲ ಅಮ್ಮ ಅದನ್ನು ತನ್ನ ಸೀರೆಗಳ ನಡುವೆ ಅಡಗಿಸಿಟ್ಟು, ಬಣ್ಣ ಒಣಗಿದ ಮೇಲೆ ಹೊರತೆಗೆದಳು. ಅದು ಮುದುಕರ ಹಟ ಎಂದುಕೊಂಡಿದ್ದೆ. ಹಿತ್ತಲ ಗಿಡ ಮದ್ದಲ್ಲ ಅಂತ ಹೇಳುವುದು ನಮ್ಮಂಥವರನ್ನು ನೋಡಿಯೇ.

ಈ ಹಲಗೆಯ ಸಂಗತಿ ಹೇಳಬೇಕಾದರೆ ಮೊದಲು ನನ್ನ ಉದ್ಯೋಗ ಎಂಥದೆಂದು ಹೇಳಬೇಕು. ಅದೇ ಕಷ್ಟ. ಮಹಾಪೆಯಲ್ಲಿ ಒಂದು ಕಂಪನಿ. ಅದರ ನಾಲ್ಕನೆಯ ಮಹಡಿಯಲ್ಲಿ, ಎಸಿಯ ಗಾಳಿ ನೇರವಾಗಿ ಕುತ್ತಿಗೆಗೇ ಬೀಳುವ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಕೂತು ಇಪ್ಪತ್ತು ವರ್ಷಗಳಿಂದ ನಾನು ಇಲ್ಲದ ಜನರನ್ನು ಹುಟ್ಟಿಸುತ್ತಿದ್ದೇನೆ.

ಗಾಬರಿಯಾಗಬೇಡಿ. ಆಸ್ಪತ್ರೆಗೋ ಶಾಲೆಗೋ ಒಂದು ಸಾಫ್ಟ್‌ವೇರ್ ಮಾಡಿದರು ಅನ್ನಿ. ಅದನ್ನು ನಿಜವಾದ ಜನ ಮುಟ್ಟುವ ಮೊದಲು ತಿಕ್ಕಿ ತೀಡಿ ಪರೀಕ್ಷಿಸಬೇಕು. ಪರೀಕ್ಷಿಸಲು ಜನ ಬೇಕು. ನಿಜವಾದ ರೋಗಿಗಳ ಹೆಸರು, ಕಾಯಿಲೆ, ಫೋನ್ ನಂಬರನ್ನು ನಮ್ಮ ಕೈಗೆ ಕೊಡಲಾಗದು; ಕೊಡಲೂಬಾರದು. ಹಾಗಾಗಿ ಜನರನ್ನು ನಾವೇ ಮಾಡಿಕೊಳ್ಳಬೇಕು. ಒಬ್ಬೊಬ್ಬರನ್ನೇ ಟೈಪು ಮಾಡುತ್ತ ಕೂತರೆ ಲಕ್ಷ ಜನರಾಗಲು ನನ್ನ ಆಯುಷ್ಯ ಸಾಲದು. ಅದಕ್ಕೆ ಸೂತ್ರ. ಒಂದೆರಡು ಸಾಲು ಗಣಿತ ಬರೆದು ಗುಂಡಿ ಒತ್ತಿ, ಕೆಳಗೆ ಹೋಗಿ ಅರ್ಧ ಲೋಟದ ಕಟಿಂಗ್ ಚಾ ಕುಡಿದು ಬರುವಷ್ಟರಲ್ಲಿ ಲಕ್ಷ ಜನ ಸಾಲಾಗಿ ನಿಂತಿರುತ್ತಾರೆ. ಎಲ್ಲರಿಗೂ ಹೆಸರುಂಟು, ಊರುಂಟು, ವಯಸ್ಸುಂಟು, ಕಣ್ಣುನೋವೋ ಮಂಡಿನೋವೋ ಉಂಟು. ಇಪ್ಪತ್ತು ವರ್ಷ ಕಳೆದರೂ ಈ ದೃಶ್ಯ ನನಗೆ ಹಳತಾಗಿಲ್ಲ. ಪ್ರತಿ ಸಲವೂ ಪರದೆಯ ಮುಂದೆ ಒಂದು ಕ್ಷಣ ಸುಮ್ಮನೆ ಕೂತು ನೋಡುತ್ತೇನೆ. ಅಂಗೈಯಗಲದ ಸೂತ್ರದೊಳಗೆ ಡೊಂಬಿವಲಿ ರೈಲು ಪ್ಲಾಟ್‌ಫಾರಮ್ಮಿನ ಇಡೀ ಜನಜಂಗುಳಿ ಅಡಗಿ ಕೂತಿರುತ್ತದೆಂದರೆ ಸಾಮಾನ್ಯ ಮಾತೇ?

ಅದರ ಗುಟ್ಟು ಭಾರಿಯೇನಲ್ಲ. ಚಿಕ್ಕಂದಿನ ಭಾಗಾಕಾರ. ಸಾಲಿನ ಸಂಖ್ಯೆಯನ್ನು (ಕಂಪ್ಯೂಟರಿನ ಎಣಿಕೆ ಸೊನ್ನೆಯಿಂದ ಶುರು) ತಗೊಂಡು ಆರರಿಂದ ಭಾಗಿಸಿ. ಶೇಷ ಸೊನ್ನೆಯಾದರೆ ಈ ಮನುಷ್ಯ ಸೋಮವಾರ ಬರುತ್ತಾನೆ, ಒಂದಾದರೆ ಮಂಗಳವಾರ, ಹೀಗೆ ಶನಿವಾರದವರೆಗೆ. ಭಾನುವಾರ ಆಸ್ಪತ್ರೆ ಬಂದ್. ಥಾಣೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ನಮಗೆ ಲೆಕ್ಕ ಹೇಳಿಕೊಡುತ್ತಿದ್ದ ಟೀಚರು ಒಬ್ಬರಿದ್ದರು. ಭಾಗಾಕಾರ ಮುಗಿದ ಮೇಲೆ ನಾವು ಶೇಷ ಬರೆಯಲು ಮರೆತರೆ ಸ್ಲೇಟಿನ ಮೇಲೆ ಬೆರಳಿನಿಂದ ಕುಟ್ಟಿ, “ಉಳಿದವರನ್ನು ಎಲ್ಲಿ ಬಿಟ್ಟು ಬಂದೆ?” ಎಂದು ಕೇಳುತ್ತಿದ್ದರು. ಕಂಪ್ಯೂಟರಿನ ಹೊಟ್ಟೆಯೊಳಗೆ ಭಾಗಲಬ್ಧಕ್ಕಿಂತ ಶೇಷಕ್ಕೇ ಹೆಚ್ಚು ಮರ್ಯಾದೆ ಎಂದು ಅವರಿಗೆ ಯಾರಾದರೂ ಹೇಳಬೇಕಿತ್ತು, ಸಂತೋಷಪಡುತ್ತಿದ್ದರು.

ನಾನು ಇಷ್ಟೆಲ್ಲ ಕೊಂಡಾಡುವ ಈ ಕೆಲಸದ ಬಗ್ಗೆ ನನ್ನ ಅಮ್ಮನ ಅಭಿಪ್ರಾಯ ಬೇರೆಯೇ ಇತ್ತು. ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಕೇಳಿದ್ದಳು, “ಅಲ್ಲಿ ನೀನು ಎಂಥ ಮಾಡುದು?”

“ಇಲ್ಲದ ಜನರ ಹೆಸರು, ವಿಳಾಸ ಎಲ್ಲ ತಯಾರು ಮಾಡುದು.”

“ಅಂದ್ರೆ ಸುಳ್ಳು ಬರೆಯುದು.”

“ಸುಳ್ಳಲ್ಲ ಅಮ್ಮಾ, ಪರೀಕ್ಷೆಗೆ.”

“ಇಲ್ಲದವರನ್ನು ಇದ್ದಾರೆ ಅಂತ ಬರೆದ್ರೆ ಅದು ಸುಳ್ಳೇ. ಅದಕ್ಕೆ ಸಂಬಳ ಬೇರೆ ಕೊಡ್ತಾರಾ?”

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ನಕ್ಕು ಬಿಡುತ್ತಿದ್ದೆ. ಆದರೆ ಅಮ್ಮ ಅಂದರೆ ಅಮ್ಮ. ಥಾಣೆಯ ಪಕ್ಕದ ಕಳವಾ ಎಂಬ ಊರಿನಲ್ಲಿ ನಮಗೊಂದು ಸಣ್ಣ ಹೋಟೆಲಿದ್ದ ಕಾಲದಲ್ಲಿ, ಚಟ್ನಿ ಸ್ವಲ್ಪ ಹುಳಿಯಾಗಿದ್ದರೆ ಗಿರಾಕಿ ಕೇಳುವ ಮೊದಲೇ ಅಡುಗೆಮನೆಯ ಕಿಂಡಿಯಿಂದ ತಲೆ ಹೊರಹಾಕಿ, “ಇವತ್ತು ಚಟ್ನಿ ಹುಳಿಯುಂಟು, ಸಾಂಬಾರಿನಲ್ಲೇ ತಿನ್ನಿ” ಎಂದು ಸಾರಿ ಬಿಡುವವಳು. ಅಪ್ಪ ಹಣೆ ಚಚ್ಚಿಕೊಳ್ಳುತ್ತಿದ್ದರು. “ನಿನ್ನ ಸತ್ಯದಿಂದಲೇ ಒಂದು ದಿನ ಶಟರ್ ಎಳೀಬೇಕಾದೀತು” ಅನ್ನುತ್ತಿದ್ದರು. ಆದರೆ ಗಿರಾಕಿಗಳು ಸಾಂಬಾರಿನಲ್ಲೇ ತಿಂದು ಮರುದಿನವೂ ಬರುತ್ತಿದ್ದರು.

ಅಂಥವಳ ಬಾಯಲ್ಲಿ ನನ್ನ ಕೆಲಸಕ್ಕೆ ‘ಸುಳ್ಳು ಬರೆಯುದು’ ಎಂಬ ಹೆಸರು ಬಿದ್ದರೆ ಅದು ಹಚ್ಚೆಯ ಹಾಗೆ, ಉಜ್ಜಿದರೆ ಹೋಗದು. ಡೊಂಬಿವಲಿಯ ಒಂದು ಮದುವೆಯಲ್ಲಿ ಊರ ಕಡೆಯ ಹೆಂಗಸೊಬ್ಬರು, “ಮಗಳು ಎಂಥ ಮಾಡಿಕೊಂಡಿದ್ದಾಳೆ?” ಎಂದು ಕೇಳಿದರು. ಅಮ್ಮ, “ಕಂಪ್ಯೂಟರ್. ಪಾಯಸಕ್ಕೆ ಬೆಲ್ಲ ಸ್ವಲ್ಪ ಮುಂದಾಯ್ತಲ್ವಾ?” ಎಂದು ಒಂದೇ ಉಸಿರಿನಲ್ಲಿ ಮಾತು ಬದಲಿಸಿದಳು. ಮಗಳ ಕೆಲಸ ಯಾವುದೆಂದು ಹೇಳಿದರೆ ಅದು ಸುಳ್ಳೆಂದೂ ಹೇಳಬೇಕಾಗುತ್ತದೆ, ಹೇಳದಿದ್ದರೆ ಸುಳ್ಳಾಡಿದಂತಾಗುತ್ತದೆ, ಪಾಯಸವೇ ಕ್ಷೇಮ. ಪಕ್ಕದಲ್ಲೇ ಕೂತಿದ್ದ ನಾನು ಅರ್ಧ ತಿಂದ ಹೋಳಿಗೆಯನ್ನು ಎಲೆಯ ಬದಿಗೆ ಸರಿಸಿದೆ. ನನಗೆ ಆಗ ನಲವತ್ತು ದಾಟಿತ್ತು. ಆ ವಯಸ್ಸಿನಲ್ಲೂ ನಾಲ್ಕು ಜನರೆದುರು ಅಮ್ಮ ನಮ್ಮ ಕೆಲಸವನ್ನು ನಾಚಿಕೆಯಿಲ್ಲದೆ ಹೇಳಲಿ ಎಂಬ ಆಸೆ ಇರುತ್ತದೆ ಎಂದು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಬಡ್ತಿ, ಬಹುಮಾನ ಎಲ್ಲ ಸಿಕ್ಕಿದ್ದವು. ಅದೊಂದು ಸಿಕ್ಕಿರಲಿಲ್ಲ.

ಕಳವಾ ಊರಿನ ಹೋಟೆಲಿನ ಮಾತು ಬಂತು, ಸ್ವಲ್ಪ ಅಲ್ಲೇ ಕೂತು ಹೋಗೋಣ. ಹೋಟೆಲು ಅಂದರೆ ಆರು ಮೇಜು, ಹಿಂದೆ ಒಂದು ಕೋಣೆ. ಆ ಕೋಣೆಯೇ ನಮ್ಮ ಮನೆ. ಅಪ್ಪ ಗಲ್ಲಾಪೆಟ್ಟಿಗೆಯ ಮುಂದೆ, ಅಮ್ಮ ಒಲೆಯ ಮುಂದೆ. ನಾನು ಅಕ್ಕಿಮೂಟೆಯ ಮೇಲೆ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದರೆ ರುಬ್ಬುವ ಕಲ್ಲಿನ ಗುಡುಗುಡು ತಾಳ ಹಾಕುತ್ತಿತ್ತು. ಇಂದಿಗೂ ನನಗೆ ಹದಿನೇಳರ ಮಗ್ಗಿ ಹೇಳುವಾಗ ಉದ್ದಿನ ಹಿಟ್ಟಿನ ವಾಸನೆ ಬರುತ್ತದೆ. ರೈಲು ಕಾರ್‌ಶೆಡ್ಡಿನ ಕೆಲಸಗಾರರೇ ನಮ್ಮ ಗಿರಾಕಿಗಳು.

ಬೆಳಗ್ಗೆ ಕಾವಲಿ ಕಾದ ಮೇಲೆ ಮೊದಲ ದೋಸೆಯನ್ನು ಅಮ್ಮನೇ ಹುಯ್ಯಬೇಕು, ಅದು ನಮ್ಮಲ್ಲಿ ಕಟ್ಟಳೆ. ಅದು ಗಿರಾಕಿಗಲ್ಲ. ಅದು ಅಂಟುತ್ತಿತ್ತು, ಹರಿಯುತ್ತಿತ್ತು, ಒಂದು ಕಡೆ ಕರಕಲು ಇನ್ನೊಂದು ಕಡೆ ಹಸಿ. ಅದನ್ನು ನೋಡಿಯೇ ಅಮ್ಮ ಬೆಂಕಿ ತಗ್ಗಿಸುವುದೋ, ಹಿಟ್ಟಿಗೆ ಒಂದು ಲೋಟ ನೀರು ಸೇರಿಸುವುದೋ, ಉಪ್ಪು ಹಾಕುವುದೋ ಎಲ್ಲ ತೀರ್ಮಾನಿಸುತ್ತಿದ್ದಳು. ಆಮೇಲೆ ಆ ಹರಕನ್ನು ನಿಂತಲ್ಲೇ ತಿಂದು ಮುಗಿಸುತ್ತಿದ್ದಳು. “ಹರಿದದ್ದು ನನಗೆ, ಸರಿಯಾದ್ದು ಅವರಿಗೆ” ಅನ್ನುತ್ತಿದ್ದಳು. ಇಡೀ ದಿನದಲ್ಲಿ ಅವಳು ಬಿಸಿಬಿಸಿ ತಿನ್ನುತ್ತಿದ್ದದ್ದು ಅದೊಂದೇ ದೋಸೆ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಇಡ್ಲಿ, ದೋಸೆಯ ಜೊತೆ ದಿನಕ್ಕೊಂದು ವಿಶೇಷ ತಿಂಡಿ ಇರಲಿ ಎಂದು ಅಪ್ಪನಿಗೆ ಒಮ್ಮೆ ಉತ್ಸಾಹ ಬಂತು. ವಾರದ ಏಳು ದಿನಕ್ಕೆ ಏಳು ತಿಂಡಿ ಗೊತ್ತುಮಾಡಿ, ಪೇಂಟರನ್ನು ಕರೆಸಿ, ತಗಡಿನ ಬೋರ್ಡಿನ ಮೇಲೆ ಹಳದಿ ಅಕ್ಷರದಲ್ಲಿ ಬರೆಸಿ ತೂಗುಹಾಕಿದರು. ಬುಧವಾರಕ್ಕೆ ನೀರುದೋಸೆ ಬಿತ್ತು. ಕಾರ್‌ಶೆಡ್ಡಿನಲ್ಲಿ ಪವಾರ್ ಕಾಕಾ ಎಂಬ ಫಿಟ್ಟರ್ ಇದ್ದರು. ಬೇರೆ ದಿನ ಅವರಿಗೆ ಮನೆಯ ಡಬ್ಬಿ. ಬುಧವಾರ ಮಾತ್ರ ಅವರ ಹೆಂಡತಿ ಬೆಳಗ್ಗೆಯೇ ತನ್ನ ತಾಯಿಯನ್ನು ನೋಡಲು ಹೋಗುತ್ತಿದ್ದರಿಂದ ನಮ್ಮಲ್ಲಿಗೆ ಬರುತ್ತಿದ್ದರು. ಮೊದಲ ವಾರ ನೀರುದೋಸೆಯನ್ನು ಮಡಚಿಟ್ಟದ್ದು ನೋಡಿ ಖುಷಿಪಟ್ಟರು. ಎರಡನೆಯ ವಾರ ತಿಂದರು. ನಾಲ್ಕನೆಯ ವಾರ ಕಿಂಡಿಯ ಹತ್ತಿರ ಬಂದು ದೀನವಾಗಿ ಕೇಳಿದರು:

“ಕಾಯ್ ವಹಿನಿ, ಆಜ್ ಪಣ್ ರುಮಾಲಚ್ ಕಾ?”

ಇವತ್ತೂ ಕರವಸ್ತ್ರವೇ ಏನು ಅತ್ತಿಗೆ ಎಂದು. ಹೋಟೆಲೆಲ್ಲ ನಕ್ಕಿತು. ಅಮ್ಮ ನಗಲಿಲ್ಲ. ಆ ಮಧ್ಯಾಹ್ನ ಚಹಾಪುಡಿಯ ಪೆಟ್ಟಿಗೆ ಒಡೆದು ಒಂದು ಹಲಗೆ ತೆಗೆದಳು, ಐದು ಮೊಳೆ ಹೊಡೆದಳು, ಪ್ರತಿ ಮೊಳೆಗೂ ತಿಂಡಿಯ ಹೆಸರು ಬರೆದ ಒಂದೊಂದು ರಟ್ಟು ತೂಗುಹಾಕಿದಳು. ನೀರುದೋಸೆ, ಬನ್ಸ್, ಗೋಳಿಬಜೆ, ಶ್ಯಾವಿಗೆ, ಬಿಸ್ಕುಟ್ ರೊಟ್ಟಿ. ನೀರುದೋಸೆಯ ಮೊಳೆಗೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿದಳು. ದಿನಾ ಬೆಳಗ್ಗೆ ಕ್ಲಿಪ್ಪು ಒಂದು ಮೊಳೆ ಮುಂದೆ. ಕೊನೆ ಮುಟ್ಟಿದರೆ ಮತ್ತೆ ಮೊದಲಿಗೆ. ವಾರ ಯಾವುದು ಎಂದು ನೋಡುವ ಹಾಗೇ ಇಲ್ಲ.

“ಏಳು ದಿನಕ್ಕೆ ಐದು ತಿಂಡಿ ಎಲ್ಲಿ ಸಾಲ್ತದೆ?” ಎಂದು ಅಪ್ಪ ಕೇಳಿದರು.

“ಸಾಲದಿದ್ರೇ ತಿರುಗುದು” ಎಂದಳು ಅಮ್ಮ.

ಆ ಮಾತು ಅಪ್ಪನಿಗೂ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಪೇಂಟರ್ ಬರೆದ ತಗಡಿನ ಬೋರ್ಡು ನೀರಿನ ಡ್ರಮ್ಮಿಗೆ ಮುಚ್ಚಳವಾಯಿತು. ಕ್ಲಿಪ್ಪು ಮುಂದಕ್ಕೆ ಸರಿಸುವುದು ಶಾಲೆಗೆ ಹೊರಡುವ ಮೊದಲಿನ ನನ್ನ ಕೆಲಸವಾಯಿತು. ವರ್ಷಗಟ್ಟಲೆ ಸರಿಸಿದೆ. ಏನನ್ನು ಸರಿಸುತ್ತಿದ್ದೇನೆಂದು ಒಂದು ದಿನವೂ ಯೋಚಿಸಲಿಲ್ಲ.

ಈಗ ಅಪ್ಪ ಇಲ್ಲ, ಹೋಟೆಲೂ ಇಲ್ಲ. ಅಮ್ಮ ನಮ್ಮ ಜೊತೆ ಕಾಮೋಠೆಯಲ್ಲಿದ್ದಾಳೆ, ಹಲಗೆಯೂ ಅವಳ ಹಿಂದೆಯೇ ಬಂದಿದೆ. ಕಳೆದ ವರ್ಷ ಥಾಣೆಯ ಒಂದು ಕಣ್ಣಿನ ಆಸ್ಪತ್ರೆಗೆ ನಮ್ಮ ಕಂಪನಿ ರೋಗಿಗಳ ಹೆಸರು ನೋಂದಾಯಿಸುವ ಸಾಫ್ಟ್‌ವೇರ್ ಮಾಡಿತು. ಬಾಗಿಲ ಬಳಿ ಒಂದು ಪರದೆ. ಹೆಸರು, ಊರು ಒತ್ತಿದರೆ ಟೋಕನ್ ನಂಬರು ಬರಬೇಕು, ಎಲ್ಲ ಮರಾಠಿಯಲ್ಲಿ. ಅದಕ್ಕೆ ಬೇಕಾದ ಲಕ್ಷ ರೋಗಿಗಳನ್ನು ನಾನು ಹುಟ್ಟಿಸಿದೆ. ಕಣ್ಣುಮುಚ್ಚಿ ಚೀಟಿ ಎತ್ತುವ ಹಾಗೆ ಹುಟ್ಟಿಸುವ ವಿಧಾನವೂ ಇದೆ. ಆದರೆ ನನಗೆ ಅಚ್ಚುಕಟ್ಟು ಇಷ್ಟ. ಪ್ರತಿ ಸಲ ಅದೇ ಜನ ಅದೇ ಕ್ರಮದಲ್ಲಿ ಬರಬೇಕು. ಹೀಗಾಗಿ ನನ್ನ ಪ್ರೀತಿಯ ಶೇಷದ ಲೆಕ್ಕವನ್ನೇ ಹಿಡಿದೆ. ಹೆಂಗಸು, ಗಂಡಸು ಒಬ್ಬರಾದ ಮೇಲೊಬ್ಬರು, ಅಂದರೆ ಎರಡು. ವಾರದ ದಿನಗಳು ಆರು. ಊರುಗಳು ಹನ್ನೆರಡು: ಕಾಮೋಠೆ, ಕಳವಾ ಎಂದು ಮನಸ್ಸಿಗೆ ಬಂದ ಹಾಗೆ ಬರೆದು ಒಂದು ಡಜನ್ ಆದ ಕೂಡಲೇ ನಿಲ್ಲಿಸಿದೆ. ಎರಡು, ಆರು, ಹನ್ನೆರಡು. ಎಷ್ಟು ಚಂದದ ಸಂಖ್ಯೆಗಳು! ಲಕ್ಷ ಜನ ಸಾಫ್ಟ್‌ವೇರಿನೊಳಗೆ ನುಗ್ಗಿ ಹೊರಬಂದರು, ಎಲ್ಲಿಯೂ ಒಂದು ಕೊಂಕಿಲ್ಲ. ಆಸ್ಪತ್ರೆಯಲ್ಲಿ ಸೋಮವಾರದಿಂದ ಶುರು ಎಂದು ಗೊತ್ತಾಯಿತು. ಶುಕ್ರವಾರ ನಾವು ಕೇಕು ಕತ್ತರಿಸಿದೆವು.

ನನಗೊಂದು ಅಭ್ಯಾಸವಿದೆ. ಆಫೀಸಿನಲ್ಲಿ ಇಂಥ ಪಟ್ಟಿಗಳನ್ನು ಮುದ್ರಿಸಿ ಬಿಸಾಡಿದ ಕಾಗದ ಮನೆಗೆ ತರುತ್ತೇನೆ. ಇಲ್ಲದವರ ಗುಟ್ಟು ಹೊರಗೆ ಹೋದರೆ ಯಾರಿಗೇನು? ಅಮ್ಮ ಅದನ್ನು ಹರಡಿ ಸೊಪ್ಪು ಬಿಡಿಸುತ್ತಾಳೆ. ಬಿಡಿಸುತ್ತ ಓದುತ್ತಾಳೆ ಕೂಡ. ಪೊಟ್ಟಣದ ಕಾಗದವನ್ನೂ ಬಿಡದೆ ಓದುವ ಹೋಟೆಲಿನ ಚಾಳಿ ಅದು. ಎಡಗಣ್ಣಿಗೆ ಪೊರೆ ಬಂದಿದ್ದರೂ ಬಲಗಣ್ಣಿನ ಹತ್ತಿರ ಹಿಡಿದು, ರೈಲಿನ ಬೋರ್ಡುಗಳಿಂದ ಕಲಿತ ಮರಾಠಿಯಲ್ಲಿ ಒಂದೊಂದೇ ಹೆಸರು ಕೂಡಿಸಿ ಓದುತ್ತಾಳೆ. ಆ ಭಾನುವಾರ ಬೆಳಗ್ಗೆಯೂ ಹರಿವೆ ಸೊಪ್ಪಿನ ಕಂತೆ ಬಿಚ್ಚಿಕೊಂಡು ಕೂತಿದ್ದಳು. ನಾನು ಸೋಫಾದಲ್ಲಿ ಚಹಾ ಕುಡಿಯುತ್ತಿದ್ದೆ.

“ಸುಮಾ, ಈ ಆಸ್ಪತ್ರೆಯಲ್ಲಿ ಮಂಗಳವಾರ ಹೆಂಗಸರಿಗೆ ರಜೆಯಾ?”

“ಯಾವ ಆಸ್ಪತ್ರೆ?”

“ಇದೇ, ಹರಿವೆಯ ಅಡಿಯದ್ದು. ನೋಡು, ಮಂಗಳವಾರ ರಮೇಶ, ದತ್ತಾ, ಪಾಂಡುರಂಗ, ವಿಲಾಸ. ಹುಡುಕಿದ್ರೂ ಒಬ್ಬಳು ಹೆಂಗಸು ಇಲ್ಲ. ಗುರುವಾರವೂ ಇಲ್ಲ, ಶನಿವಾರವೂ ಇಲ್ಲ.”

“ಹಾಗೇನೂ ಇರ್ಲಿಕ್ಕಿಲ್ಲ ಅಮ್ಮಾ. ಸೂತ್ರದಿಂದ ಬಂದದ್ದು ಅದು.”

“ಕಾಮೋಠೆಯಿಂದ ಬರುದು ಬರೇ ಹೆಂಗಸರು, ಅದೂ ಸೋಮವಾರ ಮಾತ್ರ. ನಮ್ಮ ಬಿಲ್ಡಿಂಗಿನ ಗಂಡಸರಿಗೆಲ್ಲ ಕಣ್ಣು ಅಷ್ಟು ಚೆನ್ನಾಗುಂಟಾ? ಕಳವಾ ಊರಿನವರು ಎಲ್ರೂ ಗಂಡಸರು, ಎಲ್ರೂ ಮಂಗಳವಾರ.” ಒಂದು ದಂಟನ್ನು ಮುರಿದು ಬದಿಗಿಟ್ಟು ಅಮ್ಮ ನನ್ನ ಕಡೆ ನೋಡಿದಳು. “ಸುಳ್ಳು ಬರೆಯುದಾದ್ರೂ ಸರಿಯಾಗಿ ಬರೀಬೇಕು ಮಾರಾಯ್ತಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿ ಲ್ಯಾಪ್‌ಟಾಪಿನ ಕಡೆ ಹೋಯಿತು. ನೋಡಿದೆ. ಲಕ್ಷ ಜನರಲ್ಲಿ ಹೆಂಗಸರೆಲ್ಲ ಸೋಮ, ಬುಧ, ಶುಕ್ರ. ಗಂಡಸರೆಲ್ಲ ಮಂಗಳ, ಗುರು, ಶನಿ. ಒಬ್ಬರೂ ತಪ್ಪಿ ಆಚೆ ಕಾಲಿಟ್ಟಿಲ್ಲ. ಎರಡು ಆರರೊಳಗೆ ಸರಿಯಾಗಿ ಕೂರುತ್ತದೆ, ಆರು ಹನ್ನೆರಡರೊಳಗೆ ಕೂರುತ್ತದೆ. ಹಾಗಾಗಿ ಎಲ್ಲ ಒಂದಕ್ಕೊಂದು ಅಂಟಿಕೊಂಡು ಬಂದಿದ್ದವು. ಕಾಲೇಜಿನ ಎರಡನೆಯ ವರ್ಷದಲ್ಲಿರುವ ನನ್ನ ಮಗಳು ಅನನ್ಯಾ ಹಿಂದಿನಿಂದ ಬಗ್ಗಿ ನೋಡಿದಳು. ಕನ್ನಡ ಅರ್ಥವಾಗುತ್ತದೆ ಅವಳಿಗೆ, ಉತ್ತರ ಮಾತ್ರ ಹಿಂದಿಯಲ್ಲೇ. “ಮಮ್ಮೀ, ಅಜ್ಜಿ ಸಹೀ ಬೋಲ್ ರಹೀ ಹೈ. ಯೇ ತೋ ಸ್ಕೂಲ್ ವಾಲೀ ಗಲ್ತೀ ಹೈ!”

ಅಜ್ಜಿ ಹೇಳಿದ್ದು ಸರಿ, ಇದು ಶಾಲೆಯ ಮಕ್ಕಳು ಮಾಡುವ ತಪ್ಪೇ. ಇಪ್ಪತ್ತು ವರ್ಷದ ಅನುಭವ, ಒಂದು ಕೇಕು.

“ನಿನಗೆ ಹೇಗೆ ಗೊತ್ತಾಯ್ತಮ್ಮಾ?” ಎಂದೆ.

“ಗೊತ್ತಾಗ್ಲಿಕ್ಕೆ ಎಂಥ ಉಂಟು? ಪವಾರನ ರುಮಾಲು ಅಲ್ವಾ ಇದು?” ಅಮ್ಮ ಬಾಗಿಲ ಹಿಂದಿನ ಹಲಗೆಯ ಕಡೆ ಗದ್ದ ತೋರಿಸಿದಳು. “ನಾನು ಐದೇ ಮೊಳೆ ಹೊಡೆದದ್ದು ಎಂತಕ್ಕೆ? ಏಳು ಹೊಡೀಲಿಕ್ಕೆ ನಮ್ಮಲ್ಲಿ ಮೊಳೆ ಇರ್ಲಿಲ್ವಾ? ಏಳು ವಾರಕ್ಕೆ ಏಳು ತಿಂಡಿ ಇಟ್ರೆ ಅವು ಕೈ ಕೈ ಹಿಡ್ಕೊಂಡು ಹೋಗ್ತಾವೆ. ಬುಧವಾರದ ಕೈಯಲ್ಲಿ ನೀರುದೋಸೆ, ಜನ್ಮವಿಡೀ. ಐದು ಇಟ್ರೆ ಕೈ ಬಿಟ್ಟುಹೋಗ್ತದೆ. ಪ್ರತಿ ಬುಧವಾರ ಬೇರೆಯವರ ಕೈ.”

“ಹಾಗಾದ್ರೆ ಆರು ಇಟ್ಟಿದ್ರೆ?”

“ಆರೂ ಆಗ್ತದೆ, ಏಳಕ್ಕೆ ಆರು ಕೂಡುದಿಲ್ಲ. ಆದ್ರೆ ಆರು ತಿಂಡಿ ಮಾಡ್ಲಿಕ್ಕೆ ನನಗೆ ಕೈ ಎಷ್ಟುಂಟು?”

ಅನನ್ಯಾ ಅಲ್ಲೇ ಹರಿವೆಯ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ನಾನು ಬೆರಳು ಮಡಚಿ ಎಣಿಸಿದೆ. ಮೊದಲ ಬುಧವಾರ ನೀರುದೋಸೆ, ಎರಡನೆಯದಕ್ಕೆ ಗೋಳಿಬಜೆ, ಆಮೇಲೆ ಬಿಸ್ಕುಟ್ ರೊಟ್ಟಿ, ಬನ್ಸ್, ಶ್ಯಾವಿಗೆ. ಐದು ಬುಧವಾರಕ್ಕೆ ಐದು ರುಚಿ, ಒಂದೂ ತಪ್ಪಿಲ್ಲ, ಒಂದೂ ಮರುಕಳಿಸಿಲ್ಲ. ಆರನೆಯ ವಾರ ರುಮಾಲು ಮತ್ತೆ ಬಂದಾಗ ಪವಾರ್ ಕಾಕಾ ಹಳೆಯ ನೆಂಟರನ್ನು ಕಂಡ ಹಾಗೆ ನಗುತ್ತಿದ್ದದ್ದು ನೆನಪಾಯಿತು. ಕಾಲೇಜಿನಲ್ಲಿ ಇದಕ್ಕೊಂದು ದೊಡ್ಡ ಹೆಸರಿಟ್ಟು ನನಗೆ ಕಲಿಸಿದ್ದರು, ಪರೀಕ್ಷೆಯಲ್ಲಿ ಸಾಧಿಸಿ ತೋರಿಸಿ ಪೂರ್ತಿ ಅಂಕಗಳನ್ನೂ ತಗೊಂಡಿದ್ದೆ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟ ಅಮ್ಮ ಅದನ್ನು ಒಬ್ಬ ಫಿಟ್ಟರಿನ ಬೇಸರ ನೋಡಲಾರದೆ ಒಂದು ಮಧ್ಯಾಹ್ನದಲ್ಲಿ ಕಂಡುಕೊಂಡಿದ್ದಳು. ಮರದ ಮೇಲೆ ಹೊಡೆದು ನನ್ನ ಕೈಗೇ ಕೊಟ್ಟಿದ್ದಳು. ನಾನು ಅದಕ್ಕೆ ಸ್ಕೂಟರಿನ ಕೀಲಿ ತೂಗುಹಾಕಿದ್ದೆ. ಎಷ್ಟು ಹೆಮ್ಮೆಯಾಯಿತೋ ಅಷ್ಟೇ ನಾಚಿಕೆಯೂ ಆಯಿತು.

ವಾರದ ದಿನ ಆರೇ, ಅದನ್ನು ಬದಲಿಸುವ ಹಾಗಿಲ್ಲ. ಹೆಂಗಸು ಗಂಡಸರನ್ನು ಒಬ್ಬರ ಹಿಂದೊಬ್ಬರು ನಿಲ್ಲಿಸುವ ಬದಲು ಐದರ ಗುಂಪು ಮಾಡಿದೆ: ಹೆಂಗಸು, ಗಂಡಸು, ಹೆಂಗಸು, ಹೆಂಗಸು, ಗಂಡಸು. ಅಂದರೆ ಐದು ಮೊಳೆ. ಊರು ಹನ್ನೆರಡು ಇರಬಾರದು, ಹದಿಮೂರಾಗಬೇಕು ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಅಮ್ಮನೇ ಪಟ್ಟಿ ನೋಡಿ ಕೇಳಿದಳು, “ಕಲ್ಯಾಣ ಎಲ್ಲಿ ಹೋಯ್ತು? ನಿನ್ನ ಚಿಕ್ಕಮ್ಮ ಇರುವ ಊರನ್ನೇ ಬಿಟ್ಟಿದ್ದೀಯಲ್ಲ?” ಕಲ್ಯಾಣವನ್ನು ಸೇರಿಸಿದೆ. ಈಗ ಐದು, ಆರು, ಹದಿಮೂರು. ಯಾರ ಕೈಯೂ ಯಾರ ಕೈಯಲ್ಲೂ ಇಲ್ಲ. ಮುನ್ನೂರ ತೊಂಬತ್ತು ಸಾಲು ಮುಗಿಯುವುದರೊಳಗೆ ಪ್ರತಿ ಊರಿನ ಹೆಂಗಸೂ ಗಂಡಸೂ ವಾರದ ಪ್ರತಿ ದಿನವೂ ಬಂದು ಹೋಗಿರುತ್ತಾರೆ.

ಗುಂಡಿ ಒತ್ತಿದೆ. ಎಂಟನೆಯ ಸಾಲಿನಲ್ಲಿ, ಮೊತ್ತಮೊದಲ ಬಾರಿಗೆ, ಮಂಗಳವಾರ ಒಬ್ಬಳು ಹೆಂಗಸು ಬಂದಳು. ಶಾಲಿನಿ, ಅರವತ್ತೊಂದು ವರ್ಷ, ಡೊಂಬಿವಲಿ. ಅವಳು ಬಂದಳು, ಪರದೆ ನಿಂತೇಹೋಯಿತು.

ಏನಾಗಿತ್ತೆಂದರೆ, ಆ ಆಸ್ಪತ್ರೆಗೆ ಮಂಗಳವಾರ ಮತ್ತು ಗುರುವಾರ ಲೇಡಿ ಡಾಕ್ಟರ್ ಬರುತ್ತಾರೆ. ಆ ಎರಡು ದಿನ ಹೆಂಗಸರನ್ನು ಮಾತ್ರ ಪರದೆ ಒಂದು ಪ್ರಶ್ನೆ ಹೆಚ್ಚು ಕೇಳಬೇಕು: ಲೇಡಿ ಡಾಕ್ಟರೇ ಬೇಕೇ? ಪ್ರಶ್ನೆ ಇತ್ತು. ಬೇಕು ಎಂದು ಒತ್ತಿದರೆ ಮುಂದೆ ಏನು ಎಂಬುದನ್ನು ಬರೆಯಲು ನಮ್ಮವರು ಮರೆತಿದ್ದರು. ನನ್ನ ಲಕ್ಷ ಜನರಲ್ಲಿ ಒಬ್ಬಳೂ ಆ ಬಾಗಿಲಿಗೆ ಹೋಗಿರಲಿಲ್ಲ. ಹೀಗೇ ಬಿಟ್ಟಿದ್ದರೆ ನಿಜವಾದ ಹೆಂಗಸರು ಬರುವ ಮಂಗಳವಾರ ಬೆಳಗ್ಗೆಯೇ ಹೋಗುತ್ತಿದ್ದರು. ಮಂಜುಗಣ್ಣಿನವರು, ಮಗನ ಕೈಹಿಡಿದು ಲೋಕಲ್ ರೈಲಿನಲ್ಲಿ ಬಂದವರು, ಸತ್ತ ಪರದೆಯ ಮುಂದೆ ನಿಂತು ವಾಪಸು ಹೋಗುತ್ತಿದ್ದರು. ಕೂಡಲೇ ಆಫೀಸಿಗೆ ಫೋನು ಮಾಡಿದೆ. ಸಾಫ್ಟ್‌ವೇರ್ ಬರೆದವರು ಭಾನುವಾರ ಎಂದು ಗೊಣಗುತ್ತಲೇ ಕೂತು ಸಂಜೆಯೊಳಗೆ ಸರಿಮಾಡಿದರು. ಶಾಲಿನಿಯನ್ನು ಮತ್ತೆ ಕಳಿಸಿದೆ. ಟೋಕನ್ ಬಂತು.

ಅಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಕೇಳಿಸಿಕೊಂಡಳು. “ಆ ಶಾಲಿನಿ ಇಲ್ಲದವಳಲ್ವಾ?” ಎಂದಳು.

“ಇಲ್ಲದವಳೇ.”

“ಹ್ಞೂಂ” ಎಂದು ಹರಿವೆಯ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಇನ್ನೇನಾದರೂ ಹೇಳಿಯಾಳು ಎಂದು ಊಟದವರೆಗೂ ಕಾದೆ. ಸಾರಿಗೆ ಉಪ್ಪು ಸಾಕಾ ಎಂದು ಕೇಳಿದಳು, ಅಷ್ಟೇ.

ನಾಲ್ಕು ತಿಂಗಳಾದ ಮೇಲೆ ಎಡಗಣ್ಣಿನ ಪೊರೆ ತೆಗೆಸಲೇಬೇಕಾಯಿತು. ಅಮ್ಮ ಅದೇ ಆಸ್ಪತ್ರೆಗೆ ಹೋಗೋಣ ಎಂದಳು. ಯಾವ ದಿನ ಎಂದರೆ, “ಮಂಗಳವಾರ” ಎಂದಳು, ಇದೂ ಕೇಳುವ ಮಾತೇ ಎಂಬಂತೆ. ರಜೆ ಹಾಕಿದೆ. ಥಾಣೆ ಲೋಕಲ್ಲಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಆಸ್ಪತ್ರೆಯ ಬಾಗಿಲಲ್ಲಿ ಹೆಂಗಸರದ್ದೇ ಸಾಲು, ಹಸಿರು ಬಳೆ, ಛತ್ರಿ, ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಚೀಟಿಗಳು. ಅಮ್ಮನ ಸರದಿ ಬಂದಾಗ ನಾನು ಸಹಾಯ ಮಾಡಲು ಹೋದೆ, ಕೈ ತಳ್ಳಿದಳು. ತಾನೇ ಒತ್ತಿದಳು. ಪರದೆ ಕೇಳಿತು, ಲೇಡಿ ಡಾಕ್ಟರೇ ಬೇಕೇ? ಅಮ್ಮ ಬೇಕು ಎಂದು ಒತ್ತಿದಳು. ನಾನೇ ಪರೀಕ್ಷಿಸಿದ್ದ ಬಾಗಿಲು, ಆದರೂ ಚೀಟಿ ಬರುವ ಕಿಂಡಿಯನ್ನೇ ನೋಡುತ್ತ ನಿಂತೆ. ಚೀಟಿ ಸರ್ರನೆ ಹೊರಬಂತು.

ಬೆಂಚಿನ ಮೇಲೆ ಕೂತೆವು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮಾತಿಗೆ ತೆಗೆದರು. ಎಲ್ಲಿಂದ, ಯಾವ ಕಣ್ಣು, ಎಷ್ಟು ಮಕ್ಕಳು ಎಲ್ಲ ಆದ ಮೇಲೆ ನನ್ನ ಕಡೆ ನೋಡಿ, ಮಗಳು ಏನು ಮಾಡುತ್ತಾಳೆ ಎಂಬ ಆ ಹಳೆಯ ಪ್ರಶ್ನೆ ಕೇಳಿದರು. “ಬೇಟಿ ಕ್ಯಾ ಕರತೀ ಹೈ?”

ನಾನು ನೆಲ ನೋಡಿದೆ. ಇಲ್ಲಿ ಪಾಯಸವೂ ಇರಲಿಲ್ಲ, ಮಾತು ಎತ್ತ ಬದಲಾಗುವುದೋ ಎಂದು ಕಾದೆ. ಅಮ್ಮ ಟೋಕನ್ ಚೀಟಿಯನ್ನು ಎರಡು ಮಡಿಕೆ ಮಾಡಿ ಮುಷ್ಟಿಯಲ್ಲಿಟ್ಟುಕೊಂಡಳು. ಆಮೇಲೆ ಕಳವಾ ಊರಿನ ಒಲೆಯ ಮುಂದೆ ಕಲಿತ ತನ್ನ ಹೋಟೆಲ್ ಹಿಂದಿಯಲ್ಲಿ, ಆ ಬೆಂಚಿನ ನಾಲ್ಕೂ ಜನರಿಗೆ ಕೇಳುವ ಹಾಗೆ ಹೇಳಿದಳು:

“ಮೇರಾ ಬೇಟಿ ಪಹಿಲಾ ಡೋಸಾ ಡಾಲ್ತಾ ಹೈ. ಸಬ್ ಕೇ ವಾಸ್ತೇ.”

ನನ್ನ ಮಗಳು ಮೊದಲ ದೋಸೆ ಹುಯ್ಯುತ್ತಾಳೆ, ಎಲ್ಲರಿಗಾಗಿ.

ಆ ಹೆಂಗಸು ನನ್ನ ಕೈಗಳನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, ನಿಮ್ಮದು ಹೋಟೆಲೇ ಎಂದು ಕೇಳಿದರು. “ಅಚ್ಛಾ, ಹೋಟೆಲ್ ಹೈ ಆಪ್ ಕಾ?”

“ಹಾಂ” ಎಂದಳು ಅಮ್ಮ.

ನನಗೆ ತಿಳಿದ ಮಟ್ಟಿಗೆ ಅದು ಅಮ್ಮ ಆಡಿದ ಮೊದಲ ಸುಳ್ಳು. ನಾನು ತಿದ್ದಲಿಲ್ಲ. ಒಳಗಿನಿಂದ ನಮ್ಮ ನಂಬರು ಕರೆದರು.